ಫಾರ್ವರ್ಡ್ ಬೆಲೊಕುರೊವ್ ಅವರಿಗೆ ಸನ್ಮಾನ ಪತ್ರ

ಚಾಮುಂಡೇಶ್ವರಿ: ಬರೆಯಲ್ಲ ಅಂದ್ರೆ ಬರೆಯಲ್ಲ. ನಿಮ್ಮ ಸಂಘ, ನಿಮ್ಮ ರಷ್ಯಾದವನು, ನಿಮ್ಮ ಶಾಲು. ನೀವೇ ಬರ್ಕೊಳ್ಳಿ.

ಚಾಮರಾಜ: ಐದು ಗಂಟೆಗೆ ಕಾರ್ಯಕ್ರಮ ಕಣೇ! ಈಗಲೇ ಒಂದೂವರೆ. ಸನ್ಮಾನ ಪತ್ರ ಓದ್ದೆ ಬರೀ ಶಾಲು ಹೊದಿಸಿದ್ರೆ ಚಳಿಗೆ ಹೊದಿಸಿದ ಹಾಗಿರುತ್ತೆ.

ಚಾಮುಂಡೇಶ್ವರಿ: ರಷ್ಯಾದವನಲ್ವಾ, ಅಭ್ಯಾಸ ಇರುತ್ತೆ.

(ಅಬುಧಾಬಿಯ ಖಾಲಿದಿಯಾದಲ್ಲಿ ಆರನೇ ಮಹಡಿಯ ಫ್ಲ್ಯಾಟು. ಚಾಮರಾಜ ಇಲ್ಲಿನ ಒಂದು ಕನ್ನಡ ಸಂಘದ ಕಾರ್ಯದರ್ಶಿ. ಹನ್ನೊಂದು ವರ್ಷದಿಂದ ವೇದಿಕೆ ಮೇಲೆ ಸನ್ಮಾನ ಪತ್ರ ಓದಿ ಚಪ್ಪಾಳೆ ಗಿಟ್ಟಿಸುತ್ತಿದ್ದಾರೆ. ಅಷ್ಟನ್ನೂ ಬರೆದವರು ಹೆಂಡತಿ ಚಾಮುಂಡೇಶ್ವರಿ, ಪಕ್ಕದ ಬೀದಿಯ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಸಂಘದಲ್ಲಿ ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿರುವವರು ಗೊತ್ತಿಲ್ಲದವರ ಹಾಗೆ ಇದ್ದಾರೆ, ಅದು ಇನ್ನೂ ಕೆಟ್ಟದ್ದು. ಇವತ್ತು ಸಂಘದ ಕ್ರೀಡಾಕೂಟದ ಬಹುಮಾನ ವಿತರಣೆ. ಬರಬೇಕಿದ್ದ ಸಿನಿಮಾ ನಟರು ಹೋದ ವಾರ ಕೈಕೊಟ್ಟರು. ಅದಕ್ಕೇ ದುಬೈನಲ್ಲಿ ನೆಲೆಸಿರುವ ರಷ್ಯಾದ ನಿವೃತ್ತ ಫುಟ್‌ಬಾಲ್ ಆಟಗಾರ, ಮುಂಚೂಣಿಯಲ್ಲಿ ಆಡುತ್ತಿದ್ದ ಫಾರ್ವರ್ಡ್ ರೊದಿಯೊನ್ ಬೆಲೊಕುರೊವ್ ಅವರನ್ನು ಹಿಡಿದು ತರಲಾಗುತ್ತಿದೆ.)

ಚಾಮರಾಜ: ನಿಂಗೆ ಏನು ಬೇಕು ಹೇಳು. ಶಾಲು ಬೇಕಾ? ಒಂದು ಜಾಸ್ತಿ ತರಿಸ್ತೀನಿ.

ಚಾಮುಂಡೇಶ್ವರಿ: ಮನೇಲಿ ಇಪ್ಪತ್ತಾರು ಶಾಲು ಇದೆ. ಅಷ್ಟೂ ನಾನು ಬರೆದದ್ದಕ್ಕೆ ನಿಮಗೆ ಹೊದಿಸಿದ್ದು.

ಚಾಮರಾಜ: ಮತ್ತೆ?

ಚಾಮುಂಡೇಶ್ವರಿ: ವಾರದಿಂದ ಹೇಳ್ತಾ ಇದ್ದೀನಿ. ಈ ಸಲ ನಾನು ಬರೆದದ್ದನ್ನ ನಾನೇ ಓದ್ತೀನಿ. ವೇದಿಕೆ ಮೇಲೆ, ಮೈಕಲ್ಲಿ.

ಚಾಮರಾಜ: ಅದೊಂದು ಬಿಟ್ಟು ಬೇರೆ ಕೇಳು. ಸನ್ಮಾನ ಪತ್ರ ಓದೋದು ಕಾರ್ಯದರ್ಶಿ. ಸಂಘದ ನಿಯಮಾವಳಿಯಲ್ಲೇ ಇದೆ.

ಚಾಮುಂಡೇಶ್ವರಿ: ನಿಯಮಾವಳಿ ಟೈಪ್ ಮಾಡಿದ್ದೂ ನಾನೇ. ಇಲ್ಲ.

(ಚಾಮರಾಜ ಆ ದಾರಿ ಬಿಟ್ಟು ಕಂಪ್ಯೂಟರಿನಲ್ಲಿ ಹಳೆಯ ಸನ್ಮಾನ ಪತ್ರ ಹುಡುಕತೊಡಗುತ್ತಾರೆ. ನಮ್ಮ ಸಂಘಗಳಲ್ಲಿ ಹೊಗಳಿಕೆಗೆ ಬರವಿಲ್ಲ. ಜನರೇಟರ್ ಬಾಡಿಗೆಗೆ ಕೊಟ್ಟವನು ಬೆಳಕಿನ ಹರಿಕಾರ, ಮೂರು ಕೇಸಿರುವವನು ಅಜಾತಶತ್ರು.)

ಚಾಮರಾಜ: ಹೋದ ವರ್ಷ ಹಲ್ಲಿನ ಡಾಕ್ಟರಿಗೆ ಬರೆದದ್ದು ಇದೆಯಲ್ಲ! ಹೆಸರು ಬದಲಾಯಿಸಿದ್ರೆ ಆಯ್ತು. 'ಮರಳುನಾಡಿನಲ್ಲಿ ಕನ್ನಡದ ಕಂಪು ಹರಡಿದ…'

ಚಾಮುಂಡೇಶ್ವರಿ: ಇವನು ಹರಡಿದ್ದು ಯಾವಾಗ?

ಚಾಮರಾಜ: ಅದನ್ನ ಬಿಡೋಣ. 'ಸಾವಿರಾರು ಮುಖಗಳಲ್ಲಿ ನಗು ಅರಳಿಸಿದ…'

ಚಾಮುಂಡೇಶ್ವರಿ: ಅದು ಇರಲಿ, ಹೊಂದುತ್ತೆ. ಒಂದ್ಸಲ ಇವನು ಹೊಡೆದ ಪೆನಾಲ್ಟಿ ಗೋಲಿನ ಮೇಲಿಂದ ಹೋಗಿ ಗ್ಯಾಲರಿಯಲ್ಲಿ ಡೋಲು ಬಾರಿಸ್ತಿದ್ದವನ ಡೋಲಿಗೆ ಬಿತ್ತಂತೆ. ಡೋಲು ಹರೀತು. ಇಡೀ ಸ್ಟೇಡಿಯಂ ನಕ್ಕಿದೆ.

ಚಾಮರಾಜ: ಹೊಡೆತದಲ್ಲಿ ಬಲ ಇತ್ತು ಅಂತ ಬರಿ.

ಚಾಮುಂಡೇಶ್ವರಿ: ಹದಿನಾಲ್ಕು ವರ್ಷದಲ್ಲಿ ಒಂಬತ್ತು ಕ್ಲಬ್ಬು. ಅದನ್ನ ಏನಂತ ಬರೀಲಿ?

ಚಾಮರಾಜ: 'ಅಪಾರ ಅನುಭವ.'

ಚಾಮುಂಡೇಶ್ವರಿ: ನೀವು ಆರು ವರ್ಷದಲ್ಲಿ ಐದು ಕಂಪನಿ ಬಿಟ್ಟಾಗ ನಮ್ಮಪ್ಪ ಅದಕ್ಕೆ ಬೇರೆ ಪದ ಬಳಸಿದ್ರು.

ಚಾಮರಾಜ: ನಿಮ್ಮಪ್ಪನ್ನ ಯಾಕೆ ಕರ್ಕೊಂಡು ಬರ್ತೀಯಾ ಮಧ್ಯ! ನೋಡು, ಆಟದಲ್ಲಿ ಶಿಸ್ತು ಇತ್ತೋ ಇಲ್ವೋ? ಅದನ್ನ ಬರಿ.

ಚಾಮುಂಡೇಶ್ವರಿ: ಶಿಸ್ತಾ? ಮೈದಾನಕ್ಕೆ ಕಾಲೇ ಇಡದೆ ಕೆಂಪು ಕಾರ್ಡ್ ತಗೊಂಡೋನು. ಬೆಂಚಿನ ಮೇಲೆ ಕೂತ್ಕೊಂಡೇ ರೆಫ್ರಿಗೆ ಬೈದನಂತೆ.

ಚಾಮರಾಜ: 'ನೇರ ನಡೆ ನುಡಿಯವರು.'

ಚಾಮುಂಡೇಶ್ವರಿ: ನುಡಿ ಸರಿ. ನಡೆಯೋಕೆ ಬಿಟ್ಟಿಲ್ವಲ್ಲ, ಕೂತೇ ಇದ್ದ.

ಚಾಮರಾಜ: ಅಂತಾರಾಷ್ಟ್ರೀಯ ಆಟಗಾರ ಕಣೇ! ರಷ್ಯಾ ತಂಡಕ್ಕೆ ಹದಿನೇಳು ಸಲ ಆಯ್ಕೆಯಾಗಿದ್ದಾನೆ, ಅವನನ್ನ ಕರ್ಕೊಂಡು ಬರ್ತಿರೋ ಲೆಸ್ಲಿನೇ ಹೇಳಿದ್ದು. 'ವಿಶ್ವವಿಖ್ಯಾತ' ಅಂತ ಹಾಕೋದೇ.

ಚಾಮುಂಡೇಶ್ವರಿ: ಆಡಿದ್ದು ಎಷ್ಟು?

ಚಾಮರಾಜ: ಹದಿನೇಳು.

ಚಾಮುಂಡೇಶ್ವರಿ: ಒಂದು. ಹದಿನಾರು ಸಲ ಬೆಂಚು.

ಚಾಮರಾಜ: ನಿಂಗೆ ಇದೆಲ್ಲ ಹೇಗೆ ಗೊತ್ತು?

ಚಾಮುಂಡೇಶ್ವರಿ: ನಿಮಗೆ ಹೇಗೆ ಗೊತ್ತಿಲ್ಲ? ಸನ್ಮಾನ ಮಾಡ್ತಿರೋದು ನೀವು.

(ಚಾಮರಾಜ ಕುರ್ಚಿಗೆ ಒರಗುತ್ತಾರೆ. ಇಲ್ಲಿಯವರೆಗೆ ಅವರು ಯಾರ ಬಗ್ಗೆಯೂ ತಿಳಿದುಕೊಂಡು ಸನ್ಮಾನ ಮಾಡಿದವರಲ್ಲ. ಅದು ಅವರಿಗೆ ಈಗಷ್ಟೇ ಹೊಳೆಯಿತು, ಹೊಳೆದದ್ದು ಹಿಡಿಸಲಿಲ್ಲ.)

ಚಾಮರಾಜ: ಅವನ ಮೇಲೆ ಯಾಕೆ ನಿಂಗಿಷ್ಟು ಸಿಟ್ಟು? ಪಾಪ, ಏನು ಮಾಡಿದ್ದಾನೆ ನಿಂಗೆ?

ಚಾಮುಂಡೇಶ್ವರಿ: ಅವನ ಮೇಲೆ ಸಿಟ್ಟು ಅಂತ ಯಾರು ಹೇಳಿದ್ರು? ಪ್ರತಿ ಸಲ ಬೂಟು ಕಟ್ಟಿ, ಗೆರೆ ಪಕ್ಕದಲ್ಲಿ ಓಡಿ, ಮೈ ಬೆಚ್ಚಗೆ ಮಾಡ್ಕೊಂಡು, ಈಗ ಕರೀತಾರೆ ಈಗ ಕರೀತಾರೆ ಅಂತ ಕೋಚ್ ಮುಖ ನೋಡೋದು. ಕೊನೆಗೆ ಜಾಕೆಟ್ ಹಾಕ್ಕೊಂಡು ಎಲ್ಲರ ಜೊತೆ ಬಸ್ ಹತ್ತೋದು. ಹದಿನಾರು ಸಲ ರೀ.

ಚಾಮರಾಜ: ಛೆ, ಪಾಪ.

ಚಾಮುಂಡೇಶ್ವರಿ: ನಿಮ್ಮ ಬಾಯಿಂದ ಪಾಪ ಅನ್ನೋ ಮಾತು ಬರೋಕೆ ರಷ್ಯಾದಿಂದಲೇ ಜನ ಬರಬೇಕಾಯ್ತು! ಹನ್ನೊಂದು ವರ್ಷದಿಂದ ಮೂರನೇ ಸಾಲಲ್ಲಿ ಕೂತು ನನ್ನ ಮಾತನ್ನ ನಿಮ್ಮ ಬಾಯಲ್ಲಿ ಕೇಳ್ತಾ ಇದ್ದೀನಿ. 'ಪ್ರಾತಃಸ್ಮರಣೀಯ' ಅನ್ನೋದನ್ನ ಒಂದ್ಸಲನೂ ನೆಟ್ಟಗೆ ಓದಿಲ್ಲ ನೀವು. ಕೂತಲ್ಲೇ ಹೊಟ್ಟೆ ಉರಿಯುತ್ತೆ ನಂಗೆ.

ಚಾಮರಾಜ: ಚಪ್ಪಾಳೆ ಬಂದಾಗ ನಾನು ನಿನ್ನ ಕಡೆನೇ ನೋಡ್ತೀನಲ್ಲ!

ಚಾಮುಂಡೇಶ್ವರಿ: ಫೋಟೋ ತೆಗಿ ಅಂತ ಸನ್ನೆ ಮಾಡೋಕೆ ನೋಡ್ತೀರಿ.

(ಚಾಮರಾಜರ ಅದೃಷ್ಟಕ್ಕೆ ಕಾಲಿಂಗ್ ಬೆಲ್ ಆಯಿತು. ಬಂದವರು ಸಂಘದ ಜತೆ ಕಾರ್ಯದರ್ಶಿ ಲೆಸ್ಲಿ. ಮಂಗಳೂರಿನವರು, ದುಬೈನ ಹೋಟೆಲೊಂದರ ಜಿಮ್ ನೋಡಿಕೊಳ್ಳುವವರು. ಬೆಲೊಕುರೊವ್ ಅವರನ್ನು ಅಲ್ಲೇ ಪರಿಚಯ ಮಾಡಿಕೊಂಡು, ಇವತ್ತು ತಮ್ಮ ಕಾರಿನಲ್ಲೇ ಕರೆತಂದಿದ್ದಾರೆ. ಕೈಯಲ್ಲಿ ಬಾಗಿಲಷ್ಟೇ ಅಗಲದ ಒಂದು ಪೊಟ್ಟಣ.)

ಲೆಸ್ಲಿ: ಯಲ್ಲಾ, ಚಾಮರಾಜಣ್ಣ, ಹೊರಡುವ! ಅತಿಥಿ ಕೆಳಗೆ ಕಾರಲ್ಲಿ ಉಂಟು. ಏಸಿ ಹಾಕಿ ಬಂದೆ.

ಚಾಮರಾಜ: ಮೇಲೆ ಕರ್ಕೊಂಡು ಬರೋದಲ್ವಾ!

ಲೆಸ್ಲಿ: ಕರ್ದೆ ಮಾರಾಯ್ರೆ. ಬೇಡ, ನನಗೆ ಕೂತು ಕಾಯ್ಲಿಕ್ಕೆ ಅಭ್ಯಾಸ ಉಂಟು ಅಂದ್ರು. ಅಕ್ಕ, ಇದನ್ನು ಎಲ್ಲಿ ಇಡುದು? ದುಬೈ ದೇರಾದ ಫ್ರೇಮಿನವ ಭಾರಿ ಚಂದ ಮಾಡಿದ್ದಾನೆ.

ಚಾಮರಾಜ: ಏನದು?

ಲೆಸ್ಲಿ: ಎಂತ ಕೇಳುದು ನೀವು? ಸನ್ಮಾನ ಪತ್ರ! ಅಕ್ಕ ಗುರುವಾರವೇ ಬರೆದು ಕಳಿಸಿದ್ರಲ್ಲ. ಎರಡು ದಿನ ಅವರ ಬೆನ್ನು ಬಿದ್ದು ವಿವರ ಕೇಳಿ ಕೊಟ್ಟದ್ದು ನಾನು.

(ಚಾಮರಾಜ ಹೆಂಡತಿಯ ಮುಖ ನೋಡುತ್ತಾರೆ. ಆಕೆ ಕಿಟಕಿಯ ಪರದೆ ಸರಿಮಾಡುತ್ತಿದ್ದಾರೆ, ಅದು ಸರಿಯಾಗಿಯೇ ಇತ್ತು. ಚಾಮರಾಜ ಪೊಟ್ಟಣ ಹರಿದು ಓದುತ್ತಾರೆ.)

ಚಾಮರಾಜ: 'ಶ್ರೀ ರೊದಿಯೊನ್ ಬೆಲೊಕುರೊವ್ ಅವರೇ, ತಾವು ವಿಶ್ವವಿಖ್ಯಾತರಲ್ಲ…' ಅಯ್ಯೋ ದೇವರೇ! ಮೊದಲ ಸಾಲಲ್ಲೇ!

ಚಾಮುಂಡೇಶ್ವರಿ: ಮುಂದೆ ಓದಿ.

ಚಾಮರಾಜ: 'ಹದಿನಾರು ಸಲ ತಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ಹದಿನೇಳನೆಯ ಸಲ, ಪಂದ್ಯ ಮುಗಿಯಲು ನಾಲ್ಕೇ ನಿಮಿಷ ಇದ್ದಾಗ ಕರೆದರು. ತಾವು ಹೋದಿರಿ, ಗೋಲು ಹೊಡೆದಿರಿ. ಅಷ್ಟು ಕಾಲ ತಮ್ಮನ್ನು ಕೂರಿಸಿದವರಿಗೆ ಆಟ ತಿಳಿದಿರಲಿಲ್ಲ ಎಂಬುದು ಈ ಸಂಘದ ಖಚಿತ ಅಭಿಪ್ರಾಯ.' ಸಂಘ ಯಾವಾಗ ಅಭಿಪ್ರಾಯ ಪಟ್ಟಿತು? ಅಧ್ಯಕ್ಷರಿಗೆ ನಾನು ಏನು ಹೇಳಲಿ? ಅತಿಥಿಗೆ ಬೇಜಾರಾದ್ರೆ?

ಲೆಸ್ಲಿ: ಅವರಿಗೆ ದಾರಿಯಲ್ಲಿ ಇಂಗ್ಲಿಷಲ್ಲಿ ಹೇಳಿದೆ. ಇನ್ನೊಮ್ಮೆ ಹೇಳು ಅಂದ್ರು. ಮತ್ತೆ ಮೆಲ್ಲ ಕೇಳಿದ್ರು, ಇದರದ್ದು ಇನ್ನೊಂದು ಪ್ರತಿ ಮಾಡಿಸಿ ನಮ್ಮ ಹಳೇ ಕೋಚಿಗೆ ಕಳಿಸ್ಬಹುದಾ ಅಂತ.

(ಚಾಮರಾಜರ ಕಣ್ಣು ಈಗ ಕೊನೆಯ ಸಾಲಿಗೆ ಬಂತು. ಅಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: 'ರಚನೆ ಮತ್ತು ವಾಚನ: ಚಾಮುಂಡೇಶ್ವರಿ'.)

ಚಾಮರಾಜ: ಲೆಸ್ಲಿ, ಈ ಸಾಲು ತೆಗೆದು ಇನ್ನೊಂದು ಮಾಡಿಸೋಕಾಗಲ್ವಾ?

ಲೆಸ್ಲಿ: ಈಗ ಎಲ್ಲಿಂದ? ಖಲಾಸ್. ಗಾಜು ಹಾಕಿ ಆಯ್ತು.

ಚಾಮರಾಜ: ಮತ್ತೆ ಇಷ್ಟು ಹೊತ್ತು ಬರೆಯಲ್ಲ ಬರೆಯಲ್ಲ ಅಂತ ಯಾಕೆ ನನ್ನ ಪ್ರಾಣ ತಿಂದೆ?

ಚಾಮುಂಡೇಶ್ವರಿ: ನೀವಾಗಿ ಒಂದ್ಸಲ 'ನೀನೇ ಓದು' ಅಂತೀರೇನೋ ಅಂತ ಕಾದೆ. ಗಾಜಿನೊಳಗೆ ಇರೋದಕ್ಕಿಂತ ನಿಮ್ಮ ಬಾಯಿಂದ ಬಂದಿದ್ರೆ ಚೆನ್ನಾಗಿರ್ತಿತ್ತು.

(ಲೆಸ್ಲಿ ಕಾರಿನ ಕೀಲಿ ನೋಡಿಕೊಂಡರು. ಚಾಮರಾಜ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.)

ಚಾಮರಾಜ: ಸರಿ. ನೀನೇ ಓದು. ಆದ್ರೆ ಕಾರ್ಯಕ್ರಮ ಪಟ್ಟಿ ತುಂಬಿ ತುಳುಕ್ತಾ ಇದೆ, ಈಗಲೇ ಹೇಳಿಬಿಡ್ತೀನಿ. ನಾಲ್ಕು ನಿಮಿಷದ ಮೇಲೆ ಒಂದು ಕ್ಷಣ ಕೊಡೋಕಾಗಲ್ಲ.

ಚಾಮುಂಡೇಶ್ವರಿ: ಸಾಕು ರೀ. ಅವನಿಗೂ ಅಷ್ಟೇ ಕೊಟ್ಟಿದ್ದು.