ಈಳಿಗೆಮಣೆಗೊಂದು ಹಲಸಿನ ಹಲಗೆ

ನಲವತ್ತೈದು ದಾಟಿದ ಗಂಡಸಿಗೆ ಏನಾದರೊಂದು ಅಂಟಿಕೊಳ್ಳದೆ ಬಿಡುವುದಿಲ್ಲ. ಪುಣ್ಯವಂತರಾದರೆ ಬರೀ ಸಕ್ಕರೆ ಕಾಯಿಲೆ. ಹಾಸನದಲ್ಲಿ ನಾನು ಗಣಿತ ಹೇಳಿಕೊಡುವ ಹೈಸ್ಕೂಲಿನ ಸಹೋದ್ಯೋಗಿಗಳಿಗೆಲ್ಲ ವಿಮಾನ ನಿಲ್ದಾಣ ಬರುವ ಬೂವನಹಳ್ಳಿ ಕಡೆ ಸೈಟು ಹುಡುಕುವ ಹುಚ್ಚು ಹತ್ತಿತು; ವಿಮಾನ ಇಳಿಯುವ ಮೊದಲೇ ಇವರು ಅಲ್ಲಿ ಇಳಿದುಬಿಡಬೇಕಂತೆ. ನನಗೆ ಹತ್ತಿದ್ದು ಮರಗೆಲಸ. ಒಂದು ಸಂಜೆ ಫೋನಿನಲ್ಲಿ ಯಾರೋ ಗಡ್ಡದ ಮಹಾಶಯ ಹಲಗೆಯೊಂದನ್ನು ಮೊಮ್ಮಗುವಿನ ಬೆನ್ನು ಸವರಿದ ಹಾಗೆ ಸವರಿ, ಅದರ ಮೇಲೆ ಹತ್ತರಿ ಎಳೆದದ್ದನ್ನು ನೋಡಿದೆ. ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದಿತು. ನನ್ನ ಜೀವಮಾನದಲ್ಲಿ ನಾನು ಮಾಡಿದ ಯಾವ ಕೆಲಸದಿಂದಲೂ ಅಷ್ಟು ಚೆಂದದ ಕಸ ಹುಟ್ಟಿರಲಿಲ್ಲ. ಮರುದಿನವೇ ಒಂದು ಹತ್ತರಿ, ಎರಡು ಉಳಿ, ಒಂದು ಗರಗಸ ಕೊಂಡು ತಂದೆ. ಮನೆಗೆ ಬಂದು ಕೂತ ಮೇಲೆ ನೆನಪಾಯಿತು, ಮರವನ್ನೇ ತಂದಿಲ್ಲ. ಆ ಗಡ್ಡದವನ ಶೆಡ್ಡಿನಲ್ಲಿ ಮರ ತಾನಾಗಿಯೇ ಇರುತ್ತದೆ. ಅದನ್ನು ಎಲ್ಲಿಂದ ತಂದ, ಎಷ್ಟು ಕೊಟ್ಟ ಎಂಬುದನ್ನು ಅವನು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

ಉಳಿ ಹೊಸದು, ಕೈ ತುರಿಸುತ್ತಿತ್ತು. ಮನೆಯಲ್ಲಿ ಮರದ್ದು ಅಂತ ಏನಿದೆ ಎಂದು ಹುಡುಕಿದಾಗ ಅಡುಗೆಮನೆಯ ಮೂಲೆಯಲ್ಲಿ ಈಳಿಗೆಮಣೆ ಕಂಡಿತು. ಒಂದು ಮೂಲೆಯಲ್ಲಿ ಸಣ್ಣದೊಂದು ತೂತು ಕೊರೆದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಒಂದೇ ಒಂದು ಏಟು ಹಾಕಿದೆ. ಮಣೆ ಉದ್ದುದ್ದ ಸೀಳಿ ಎರಡು ಹೋಳಾಯಿತು. ಅದು ನನ್ನ ಹೆಂಡತಿ ಸುಕನ್ಯಾಳಿಗೆ ಅವಳ ತಾಯಿ, ಅಂದರೆ ನುಗ್ಗೇಹಳ್ಳಿಯ ನಮ್ಮ ಅತ್ತೆ, ಮದುವೆಯಲ್ಲಿ ಕೊಟ್ಟ ಹಲಸಿನ ಮಣೆ. ಸುಕನ್ಯಾ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಎರಡು ಹೋಳನ್ನೂ ನನ್ನ ಮುಂದಿಟ್ಟು, "ಅವ್ವ ಗೌರಿ ಹಬ್ಬಕ್ಕೆ ಬತ್ತದೆ. ಅಷ್ಟರೊಳಗೆ ಇಲ್ಲಿ ಹಲಸಿನ ಮಣೆ ಇರ್ಬೇಕು," ಎಂದಳು. ಅಂಗಡಿಯಿಂದ ಒಂದು ತರುತ್ತೇನೆ ಎಂದೆ. "ಅಂಗ್ಡೀದ್ಯಾಕೆ? ಮನೇಲೇ ಬಡಗಿ ಅವ್ರಲ್ಲ," ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ತರಕಾರಿ ಹೆಚ್ಚುವುದು ನಿಂತಿತು. ಚಾಕು ಇರಲಿಲ್ಲವೆಂದಲ್ಲ, ಅದು ತತ್ವದ ಪ್ರಶ್ನೆ. ಹುರುಳಿಕಾಳು, ಹೆಸರುಕಾಳು, ಕಡಲೆಕಾಳು, ಮತ್ತೆ ಹುರುಳಿಕಾಳು. ಹಬ್ಬಕ್ಕೆ ಇನ್ನೂ ಆರು ವಾರವಿತ್ತು.

ಮೊದಲು ಹಾಸನದ್ದೇ ಒಂದು ಟಿಂಬರ್ ಡಿಪೋಗೆ ಹೋದೆ. ಯಜಮಾನರು ಎದ್ದು ನಿಂತು, "ಬನ್ನಿ ಸಾ. ಎಷ್ಟ್ ಬಾಗ್ಲು, ಎಷ್ಟ್ ಕಿಟಕಿ?" ಎಂದು ಕೇಳಿದರು. ಒಂದು ಈಳಿಗೆಮಣೆ ಎಂದೆ. ಅವರು ಕೂತುಬಿಟ್ಟರು. ಆದರೂ ನಾನು ಬಿಡಲಿಲ್ಲ. ವಿಡಿಯೋದಲ್ಲಿ ಕಲಿತ ಹಾಗೆ ಹಲಗೆಗಳನ್ನು ಗೆಣ್ಣಿನಿಂದ ಕುಟ್ಟಿ, ಒಂದು ಕಣ್ಣು ಮುಚ್ಚಿ ನೆಟ್ಟಗಿದೆಯೇ ಎಂದು ನೋಡಿ, ಕೊನೆಗೆ ಮೂಸಿಯೂ ನೋಡಿದೆ. "ಅಲಸಿನ ಮರ ಸಾ ಅದು, ಅಣ್ಣಲ್ಲ," ಎಂದರು ಕೂತಲ್ಲಿಂದಲೇ. ಅವರು ಘನ ಅಡಿಯ ಲೆಕ್ಕ ಹಾಕಿ ಒಂದು ರೇಟು ಹೇಳಿದರು. ವಿಪರೀತವಾಯಿತು ಎಂದೆ. ಇಪ್ಪತ್ತು ವರ್ಷದಿಂದ ಘನಫಲ ಪಾಠ ಮಾಡುತ್ತಿರುವವನು ನಾನು. ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಲೆಕ್ಕ ಹಾಕಿ, ಅವರ ಅಳತೆ ತಪ್ಪು ಎಂದು ಸಾಧಿಸಿ ತೋರಿಸಿದೆ. ಅವರು ನನ್ನ ಅಂಗೈಯನ್ನು ಜ್ಯೋತಿಷಿಯ ಹಾಗೆ ಹಿಡಿದು ನೋಡಿ, "ಲೆಕ್ಕ ನಿಮ್ದು ಸರಿಯಾಗೈತೆ ಸಾ. ಮರ ಮಾತ್ರ ನಮ್ದು," ಎಂದರು.

ಮುಂದಿನ ಭಾನುವಾರ ಚನ್ನರಾಯಪಟ್ಟಣದ ಒಂದು ಸಾಮಿಲ್ಲಿಗೆ ಹೋದೆ. ಅಲ್ಲಿಯವರು, "ಮರ ತಂದ್ರೆ ಕುಯ್ದ್ ಕೊಡ್ತೀವಿ. ಮರ ಎಲ್ಲದೆ?" ಎಂದು ನನ್ನ ಸ್ಕೂಟರಿನ ಹಿಂದೆ ಇಣುಕಿ ನೋಡಿದರು. ಬರಿಗೈಲಿ ಹೋಗಬೇಡಿ ಎಂದು ಅಂದೇ ಕುಯ್ದ ಸಿಲ್ವರ್ ಓಕಿನ ಹಲಗೆಯೊಂದನ್ನು ಅಗ್ಗಕ್ಕೆ ಕೊಟ್ಟರು. ಹಲಸಲ್ಲದಿದ್ದರೇನು, ಬಣ್ಣ ಹಚ್ಚಿದರಾಯಿತು ಎಂದು ತಂದು, ಬೆವರು ಸುರಿಸಿ ನಯ ಮಾಡಿ, ಬಿಸಿಲಿಗಿಟ್ಟೆ. ಹಸಿಮರವನ್ನು ಒಣಗಲು ಬಿಡದೆ ಮುಟ್ಟಬಾರದು ಎಂಬುದನ್ನು ಗಡ್ಡದವನು ಯಾವುದೋ ಬೇರೆ ವಿಡಿಯೋದಲ್ಲಿ ಹೇಳಿದ್ದನಂತೆ. ವಾರದೊಳಗೆ ನನ್ನ ಹಲಗೆ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸೊಟ್ಟಗಾಯಿತು. ಅದರ ಮೇಲೆ ಕೂತು ನೋಡಿದೆ, ಜೋಕಾಲಿಯ ಸುಖವಿತ್ತು. ಸುಕನ್ಯಾ ಅಂದು ಹುರುಳಿಕಾಳಿನ ಬಸ್ಸಾರು ಮಾಡಿದ್ದಳು.

ಅರಕಲಗೂಡಿನಲ್ಲಿ ಒಬ್ಬರು ಒಳಗುಟ್ಟು ಹೇಳಿದರು. ಒಳ್ಳೆಯ ಹಲಸೆಲ್ಲ ವೀಣೆ ಮಾಡುವವರ ಕಡೆಗೆ ಹೋಗುತ್ತದೆ, ರುದ್ರಪಟ್ಟಣದ ಹಿರಿಯರೊಬ್ಬರ ಹಿತ್ತಿಲಿನಲ್ಲಿ ಎಷ್ಟೋ ವರ್ಷದಿಂದ ಒಣಗಿದ ಒಂದು ತುಂಡಿದೆ ಅಂತ. ಅರ್ಧ ಗಂಟೆಯಲ್ಲಿ ನಾನು ಆ ಹಿತ್ತಿಲಿನಲ್ಲಿದ್ದೆ. ಹಿರಿಯರು ಗೋಣಿತಾಟು ಸರಿಸಿ, ಹೊಂಬಣ್ಣದ ಆ ತುಂಡನ್ನು ಬೆರಳಿನಿಂದ ತಟ್ಟಿ, ಅದರ ನಾದಕ್ಕೆ ತಾವೂ ಸಣ್ಣಗೆ ದನಿಗೂಡಿಸಿದರು. "ಏನ್ ಮಾಡಿಸ್ತೀರಿ? ವೀಣೆಯೋ, ತಂಬೂರಿಯೋ?" ಎಂದರು. ಸುಳ್ಳು ಹೇಳಬಹುದಿತ್ತು. ಆದರೆ ಯಾವ ರಾಗ ನುಡಿಸುತ್ತೀರಿ ಎಂದು ಕೇಳಿಬಿಟ್ಟರೆ ಎಂಬ ಭಯಕ್ಕೆ ನಿಜವನ್ನೇ ಹೇಳಿದೆ. ಹಿರಿಯರು ಗೋಣಿತಾಟನ್ನು ಮತ್ತೆ ಮುಚ್ಚಿದರು. "ಒಳಗೆ ಬನ್ನಿ, ಕಾಫಿ ಕುಡೀರಿ. ಹಾಗಲಕಾಯಿ ಹೆಚ್ಚೋದಕ್ಕೆ ಮಾತ್ರ ಇದನ್ನ ಕೇಳ್ಬೇಡಿ," ಎಂದರು. ಕಾಫಿ ತುಂಬಾ ಚೆನ್ನಾಗಿತ್ತು.

ಹಬ್ಬಕ್ಕೆ ಮೂರು ವಾರ ಉಳಿದಿದ್ದಾಗ ಹೊಳೆನರಸೀಪುರದಲ್ಲಿ ನನ್ನ ಅದೃಷ್ಟ ತೆರೆಯಿತು. ಬೀಳಿಸಿದ ಹಳೇ ಮನೆಗಳ ಬಾಗಿಲು, ಕಿಟಕಿ, ತೊಲೆ, ಕಂಬಗಳನ್ನು ಗುಡ್ಡೆ ಹಾಕಿಕೊಂಡು ಮಾರುವ ಅಂಗಡಿಯದು. ಕಂಬಗಳ ಹಿಂದೆ, ಗೋಡೆಗೆ ಒರಗಿಸಿದ್ದ ಹಸಿರು ಬಣ್ಣ ಬಳಿದ ಎರಡು ಗಟ್ಟಿ ಮರದ ತುಂಡುಗಳು ಕಂಡವು. ಉಗುರಿನಿಂದ ಬಣ್ಣ ಕೆರೆದೆ, ಒಳಗೆ ಹಳದಿ. ಹಲಸು. ಅದರಲ್ಲೂ ಬರೀ ಚೇಗು, ಮರದ ಗಟ್ಟಿ ತಿರುಳು; ಒಂದು ಹುಳುಕಿಲ್ಲ, ಗಂಟಿಲ್ಲ, ಅಜ್ಜನ ಕಾಲದಿಂದ ಒಣಗಿದ್ದು. ಬೆಲೆ ಕೇಳಿದರೆ ನನ್ನ ಎರಡು ಉಳಿಗಿಂತ ಕಡಿಮೆ. ಇಷ್ಟು ಅಗ್ಗವೇಕೆ ಎಂದು ಕೇಳಿದೆ. ಅಂಗಡಿಯವನು, "ಇವನ್ನ ಯಾರೂ ತಗಳಾಕಿಲ್ಲ ಸಾ. ಜನ ಎದ್ರಿಕೋತಾರೆ," ಎಂದ. ನಾನು ಮುಗುಳ್ನಕ್ಕೆ. ಮರದ ಯೋಗ್ಯತೆ ಜನಕ್ಕೇನು ಗೊತ್ತು? ಒಂದನ್ನು ಹೆಗಲಿಗೇರಿಸಿದಾಗ ಆತ ಎರಡು ಸಲ ಕೈ ಮುಗಿದು, "ದೇವ್ರಂಗೆ ನೋಡ್ಕಳಿ ಸಾ," ಎಂದ. ಮರದ ಮೇಲೆ ಎಂಥ ಪ್ರೀತಿ, ಎಂಥ ಸಂಸ್ಕಾರ ಎಂದು ನನ್ನ ಕಣ್ಣು ಒದ್ದೆಯಾಯಿತು. ಅಂದು ಸ್ಕೂಟರ್ ರಿಪೇರಿಗೆ ಬಿಟ್ಟಿದ್ದೆ. ಬಸ್ಸಿನಲ್ಲಿ ಕಂಡಕ್ಟರು ಲಗೇಜಿಗೆ ಟಿಕೆಟ್ ಹರಿದಾಗ ನಾನು ಹರ್ಷದ ಭರದಲ್ಲಿ, ಇದಕ್ಕೂ ಫ್ರೀ ಮಾಡಿ ಸ್ವಾಮಿ ಎಂದೆ. "ಎಂಗಸ್ರಿಗೆ ಸಾ ಫ್ರೀ. ಇದ್ಕೆ ಆಧಾರ್ ಕಾರ್ಡ್ ಐತಾ?" ಎಂದ ಆತ. ಇಡೀ ಬಸ್ಸು ನಕ್ಕಿತು. ಹಾಸನ ಬರುವವರೆಗೂ ನಾನೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದೆ.

ಆಮೇಲಿನ ಹದಿನೈದು ದಿನ ನನ್ನ ಬಾಳಿನ ಸುಖದ ದಿನಗಳು. ತುಂಡನ್ನು ಗರಗಸದಿಂದ ಎರಡು ಭಾಗ ಮಾಡಿದೆ. ಒಂದು ಭಾಗದ ಮೇಲೆ ಕಾಲು ಊರಿ, ಕುಕ್ಕರಗಾಲಿನಲ್ಲಿ ಕೂತು, ಒಮ್ಮೊಮ್ಮೆ ಕುದುರೆ ಏರಿದ ಹಾಗೆ ಏರಿ ಕೂತು ಹತ್ತರಿ ಹೊಡೆದೆ. ಕೊನೆಗೂ ನನಗೂ ಸಿಪ್ಪೆ ಸುರುಳಿಯಾಗಿ ಎದ್ದಿತು. ಒಂದು ಸುರುಳಿಯನ್ನು ಕ್ಲಾಸಿಗೂ ಒಯ್ದು ತೋರಿಸಿದೆ. ಇನ್ನೂ ಒಂದು ಸೋಜಿಗವೆಂದರೆ, ಮರದ ತುದಿಯಲ್ಲಿ ಗುಂಡಗೆ, ನುಣ್ಣಗೆ ಸವೆದ ಒಂದು ತೂತು ಮೊದಲೇ ಇತ್ತು. ಈಳಿಗೆಯ ಬುಡ ಕೂರಿಸಲು ಹೇಳಿ ಮಾಡಿಸಿದ ಜಾಗ. ಭಗವಂತನೇ ಕೊರೆದು ಕಳಿಸಿದ್ದಾನೆ ಎಂದುಕೊಂಡು, ಹಳೆಯ ಮಣೆಯ ಈಳಿಗೆಯನ್ನು ಅದರಲ್ಲಿ ನಿಲ್ಲಿಸಿ, ಸುತ್ತ ಮರದ ಬೆಣೆ ಬಡಿದು, ಅಂಟು ಸುರಿದು ಭದ್ರ ಮಾಡಿದೆ. ಎಳೆದರೂ ಅಲುಗಲಿಲ್ಲ. ಸುಕನ್ಯಾ ಬಾಗಿಲಲ್ಲಿ ನಿಂತು ನೋಡಿ, "ಪರವಾಗಿಲ್ಲ ಕಣ್ರಿ," ಎಂದಳು. ಅವಳ ಬಾಯಿಂದ ಅದು ಪದ್ಮಶ್ರೀಗೆ ಸಮ.

ಹಬ್ಬದ ಹಿಂದಿನ ದಿನ ಅತ್ತೆ ಬಸ್ಸಿಳಿದು, ಒಂದು ಚೀಲ ತೆಂಗಿನಕಾಯಿಯೊಂದಿಗೆ ಬಂದರು. ಹಣೆಯ ವಿಭೂತಿ ಸರಿಮಾಡಿಕೊಂಡು, ಸೀದಾ ಅಡುಗೆಮನೆಗೆ ಹೋಗಿ, ಸಿಹಿಗುಂಬಳ ಹಿಡಿದು ಹೊಸ ಮಣೆಯ ಮೇಲೆ ಕೂತರು. ನಾನು ಹೊಗಳಿಕೆಗೆ ಕಾದು ಬಾಗಿಲಲ್ಲಿ ನಿಂತೆ. ಅತ್ತೆ ಮಣೆಯ ಪಕ್ಕ ಸವರಿದರು. ನನ್ನ ಹತ್ತರಿ ತಾಗದ ಆ ಮಗ್ಗುಲಲ್ಲಿ ಒಂದು ಸಣ್ಣ ಕಮಲದ ಕೆತ್ತನೆಯಿತ್ತು. ಗೆರೆಗಳ ಸಂದಿಯಲ್ಲಿ ಕೆಂಪು ಕೂತಿತ್ತು. ಅವರ ಕೈ ಈಳಿಗೆಯ ಬುಡದ ತೂತಿಗೆ ಹೋಯಿತು. ಎಪ್ಪತ್ತು ದಾಟಿದ ಅತ್ತೆ ಕೆಂಡ ತುಳಿದವರ ಹಾಗೆ ಎದ್ದು ನಿಂತು, ಮಣೆ ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಶಿವಶಿವಾ, ಅಳಿಯಂದ್ರೆ, ಇದು ವಸ್ಲು ಕಣಪ್ಪಾ. ಇದು ಬಾಗ್ಲು ತಿರುಗೋ ತೂತು. ಇದು ಕುಂಕುಮ. ಯಾವ ತಾಯಿ ದಿನಾ ಅರಿಸಿನ ಬಳಿದು ರಂಗೋಲಿ ಹಾಕ್ತಿದ್ಲೋ, ಎಷ್ಟ್ ಜನ ಸೊಸೇರು ಸೇರು ಒದ್ದು ಒಳಕ್ಕೆ ಬಂದಿದ್ರೋ. ಅದ್ರ ಮ್ಯಾಲೆ ನನ್ನ ಕೂರಿಸ್ಬುಟ್ರಲ್ಲ."

ಹೊಸ್ತಿಲ ಮೇಲೆ ಕೂರಬೇಡ, ಹೊಸ್ತಿಲು ತುಳಿಯಬೇಡ ಎಂದು ಬೈಸಿಕೊಂಡೇ ಬೆಳೆದವನು ನಾನು. ಹದಿನೈದು ದಿನ ಅದರ ಮೇಲೆ ಕುದುರೆ ಸವಾರಿ ಮಾಡಿದ್ದೆ. ನನಗೆ ನಿಜಕ್ಕೂ ನಾಚಿಕೆಯಾಯಿತು. ಆ ಕೆಂಪು ಗೆರೆಗಳನ್ನು ನೋಡುತ್ತ ಯಾರದೋ ಮನೆಯ ಬೆಳಗುಗಳೆಲ್ಲ ಕಣ್ಣೆದುರು ಬಂದ ಹಾಗಾಯಿತು. ಈಳಿಗೆ ಕಿತ್ತು ಮರವನ್ನು ದೇವರ ಮನೆಗೆ ಇಡೋಣ ಎಂದು ಎಳೆದೆ. ಬರಲಿಲ್ಲ. ಸುಕನ್ಯಾಳೂ ಸೇರಿ ಇಬ್ಬರು ಎಳೆದೆವು. ಬರಲಿಲ್ಲ. ನಾನು ಈವರೆಗೆ ಕೂರಿಸಿದ್ದರಲ್ಲಿ ಬಿಟ್ಟುಕೊಳ್ಳದೆ ನಿಂತದ್ದು ಅದೊಂದೇ.

ಅತ್ತೆ ಯೋಚಿಸಿ ತೀರ್ಪು ಕೊಟ್ಟರು. ಮಿಕ್ಕ ಅರ್ಧ ದೇವರ ಮನೆ ಬಾಗಿಲಿಗೆ. ಇನ್ನು ಈ ಅರ್ಧ. "ಬಿಸಾಕಂಗಿಲ್ಲ, ನಾವು ಕೂರಂಗಿಲ್ಲ. ನೀವು ಎಂಗೂ ಅದ್ನೈದ್ ದಿನ ಕುಂತಾಗೈತೆ. ಬಂದಿದ್ ಪಾಪ ಬಂದಾಯ್ತು, ಇನ್ನೊಬ್ರಿಗ್ಯಾಕೆ ಅಂಚೋದು? ನೀವೇ ಕುಂತ್ಕಂಡು ಎಚ್ಚಿ." ಸುಕನ್ಯಾ ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು. ಅವಳ ಭುಜ ಕುಲುಕುತ್ತಿತ್ತು.

ಅಂದಿನಿಂದ ಬೆಳಗಿನ ಜಾವ ಸುಕನ್ಯಾ ಈಳಿಗೆಮಣೆಗೆ ಅರಿಸಿನ ಕುಂಕುಮ ಇಡುತ್ತಾಳೆ. ನಾನು ಸ್ನಾನ ಮಾಡಿ ಬಂದು, ಅದಕ್ಕೆ ನಮಸ್ಕರಿಸಿ, ಏರಿ ಕೂತು ಹುರುಳಿಕಾಯಿ ಹೆಚ್ಚುತ್ತೇನೆ. ಈಗ ಕಾಳಿನ ಸಾರು ಬೇಕೆಂದು ನಾನೇ ಕೇಳುತ್ತೇನೆ, ಅವಳು ಮಾಡುವುದಿಲ್ಲ. ಮೊನ್ನೆ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಮನೆಗೆ ಬಂದವರು ಮಣೆ ನೋಡಿ ಮರುಳಾದರು. ಅವರಿಗೂ ಫೋನಿನಲ್ಲಿ ಗಡ್ಡದವನು ಸಿಕ್ಕಿದ್ದಾನಂತೆ. "ಎಲ್ಲಿ ಸಿಕ್ತು ಸಾರ್ ಇಂಥ ಮರ?" ಎಂದು ಕೇಳಿದರು. ಹೊಳೆನರಸೀಪುರದ ಅಂಗಡಿಯ ಗುರುತು ಹೇಳಿದೆ. ಕಂಬಗಳ ಹಿಂದೆ, ಹಸಿರು ಬಣ್ಣದ್ದು ಇನ್ನೊಂದು ಇದೆ ಎಂದೆ. ಬೆಲೆ ಕೇಳಿ ಅವರು ಬೆರಗಾಗಿ, "ಅಷ್ಟು ಅಗ್ಗಕ್ಕಾ? ಯಾಕೆ ಸಾರ್?" ಎಂದರು. ದಿನಾ ಒಬ್ಬನೇ ಕೂತು ಹೆಚ್ಚಿ ಹೆಚ್ಚಿ ನನಗೂ ಬೇಸರವಾಗಿತ್ತು. ಎರಡು ಸಲ ಕೈ ಮುಗಿದು, ದೇವರ ಹಾಗೆ ನೋಡಿಕೊಳ್ಳಿ ಎಂದಷ್ಟೇ ಹೇಳಿ ಕಳಿಸಿದೆ.