ತಂತಿ ಜೋಪಾನ

ಕಲ್ಲು ಕೆತ್ತಿದವರನ್ನು ಜನ ಶಿಲ್ಪಿ ಎನ್ನುತ್ತಾರೆ. ತಂತಿ ಬಾಗಿಸಿ ಶಿಲ್ಪ ಮಾಡುವ ನನ್ನಂಥವಳನ್ನು ಏನೆನ್ನಬೇಕೆಂದು ಯಾರಿಗೂ ತೋಚುವುದಿಲ್ಲ. ಅದಕ್ಕೇ ಇಂಥ ಪ್ರಸಂಗಗಳು ನನಗೆ ತಪ್ಪಿದ್ದಲ್ಲ. ಬ್ಯಾಂಕಿನಲ್ಲಿದ್ದ ನಮ್ಮ ಯಜಮಾನರಿಗೆ ಮೈಸೂರಿನಿಂದ ಕೊಚ್ಚಿಗೆ, ಅಲ್ಲಿಂದ ತಿರುವನಂತಪುರಕ್ಕೆ ವರ್ಗವಾದ ಅರವತ್ತು-ಎಪ್ಪತ್ತರ ದಶಕದ ಮಾತಿದು. ಒಬ್ಬರಾದರೂ ನಿಂತು ನೋಡಿ, 'ಯಾರೋ ಮನಸ್ಸಿಟ್ಟು ಮಾಡಿದ್ದಾರೆ' ಎಂದರೆ ಸಾಕು ಎನ್ನುವುದಷ್ಟೇ ನನ್ನ ಆಸೆ.

ಕೊಚ್ಚಿಯ ಜಗಲಿ

ಮೂರು ತಿಂಗಳು ಕೂತು ಮಾಡಿದ ತಂತಿ ಶಿಲ್ಪವನ್ನು ಜಗಲಿಯಲ್ಲಿ ತೂಗುಹಾಕಿದ್ದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಪಕ್ಕದ ಮನೆಯ ಅಕ್ಕ, ಅಲ್ಲಿನವರ ಮಾತಿನಲ್ಲಿ ಚೇಚಿ, ಅದರ ಒಂದೊಂದು ಕೊಕ್ಕೆಗೂ ಮೀನು ಸಿಕ್ಕಿಸಿ ಒಣಗಲು ಬಿಟ್ಟಿದ್ದರು. ನಮ್ಮದು ಈರುಳ್ಳಿಗೂ ವಾರ ನೋಡುವ ಮನೆ.

"ಚೇಚಿ, ಅದು ತುಂಬ ನಾಜೂಕು," ಎಂದೆ.

"ನನಗೆ ಗೊತ್ತಿಲ್ಲವೇ? ಅದಕ್ಕೇ ಬರೀ ಸಣ್ಣ ಮೀನು ಹಾಕಿದ್ದೇನೆ. ಬಂಗುಡೆ ಹಾಕಲಿಲ್ಲ."

ಸುಣ್ಣ

ತಿರುವನಂತಪುರದಲ್ಲಿ ಒಂದು ಪ್ರದರ್ಶನಕ್ಕೆ ಕರೆದರು. ಗೋಡೆಯ ಮೇಲೆ ಪೆನ್ಸಿಲ್ ಗೆರೆ, ಅದರ ಮುಂದೆ ತಂತಿ, ತಂತಿಯ ನೆರಳು, ಮೂರೂ ಸೇರಿ ಒಂದು ಕೃತಿ. ಗೆರೆ ಎಳೆಯಲು ಮೂರು ದಿನ ಹಿಡಿಯಿತು. ಉದ್ಘಾಟನೆಯ ಬೆಳಿಗ್ಗೆ ಹೋದರೆ ಗೋಡೆ ಬೆಳ್ಳಗಿದೆ.

"ಯಾವುದೋ ಮಕ್ಕಳು ಗೀಚಿದ್ದವು ಮೇಡಂ. ನಿಮಗೆ ಅವಮಾನ ಆಗಬಾರದೆಂದು ಸುಣ್ಣ ಹೊಡೆಸಿದೆ," ಎಂದರು ಸಭಾಂಗಣದ ಮೇಲ್ವಿಚಾರಕರು. ತಂತಿ ಎಲ್ಲಿ ಎಂದೆ. ಅದರಲ್ಲಿ ಬ್ಯಾನರ್ ಕಟ್ಟಿದ್ದರು.

ಮುಖ್ಯ ಅತಿಥಿಗಳು ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತರು. ಕೊನೆಗೆ ತಿರುಗಿ, "ಹಾಲ್ ಚೊಕ್ಕಟವಾಗಿ ಇಟ್ಟುಕೊಂಡಿದ್ದಾರೆ," ಎಂದರು. ಮನೆಗೆ ಬಂದು ಅತ್ತುಬಿಟ್ಟೆ. ಒಂದು ವಾರ ಇಕ್ಕಳ ಮುಟ್ಟಲಿಲ್ಲ.

ಲೈನ್‌ಮ್ಯಾನ್ ಚೇಟ್ಟನ್

ಮತ್ತೆ ಮೈಸೂರಿಗೆ ವರ್ಗವಾಯಿತು. ಕೊಚ್ಚಿಯವರಿಗೆ ಹೇಳಿಬರಲು ಎರಡು ದಿನದ ಮಟ್ಟಿಗೆ ಹೊರಟಾಗ ಕೀಲಿಯನ್ನು ಎದುರುಮನೆಯ ಹಿರಿಯರ ಕೈಗೆ ಕೊಟ್ಟೆ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿ ನಿವೃತ್ತರಾದವರು. ಎಲ್ಲರಿಗೂ ಚೇಟ್ಟನ್, ಅಣ್ಣ. "ಸಾಮಾನು ಕಟ್ಟಲು ಆಳು ಬರುತ್ತಾರೆ. ಪಾತ್ರೆ ಹೋದರೂ ಪರವಾಗಿಲ್ಲ, ತಂತಿ ಮಾತ್ರ ಜೋಪಾನ," ಎಂದಿದ್ದೆ.

ಬಂದು ನೋಡಿದರೆ ಕೋಣೆ ಖಾಲಿ. ನಡುವೆ ತಂತಿಯ ಒಂದೇ ಒಂದು ಸಿಂಬಿ, ಮೇಲೆ ಅಚ್ಚುಕಟ್ಟಾದ ಗಂಟು. ಹನ್ನೊಂದು ವರ್ಷದ ಹದಿನೇಳು ಕೃತಿಗಳನ್ನೂ ಚೇಟ್ಟನ್ ಬಿಚ್ಚಿ, ನೇರ ಮಾಡಿ, ತುದಿಗೆ ತುದಿ ಸೇರಿಸಿ ಸುತ್ತಿದ್ದರು. ಬೆರಳಿಗೆಲ್ಲ ಬಟ್ಟೆ ಕಟ್ಟಿಕೊಂಡಿದ್ದರು.

"ಆಳುಗಳ ಕೈಗೆ ಕೊಡಲಿಲ್ಲ. ಒಂದು ತುಂಡೂ ಕಳೆದಿಲ್ಲ, ನೋಡಿಕೊ."

ನನ್ನ ತಂತಿಯನ್ನು ಅಷ್ಟು ಶ್ರದ್ಧೆಯಿಂದ ಅದುವರೆಗೆ ಯಾರೂ ಮುಟ್ಟಿರಲಿಲ್ಲ. ಒಳಗೆ ಹೋಗಿ ಕಾಫಿ ಮಾಡಿ ತಂದುಕೊಟ್ಟೆ.

ಅರ್ಧ ಕುಡಿದು, ಸಿಂಬಿಯನ್ನು ನೋಡುತ್ತ ಚೇಟ್ಟನ್ ಹೇಳಿದರು: "ತಂತಿ ತಿರುಚಿ ಹಾಳುಮಾಡಿದವರು ಯಾರೋ ಗೊತ್ತಿಲ್ಲ, ಮಗಳೇ. ಆದರೆ ಬಿಚ್ಚುವಾಗ ತಿಳಿಯಿತು, ಬಹಳ ಮನಸ್ಸಿಟ್ಟು ಮಾಡಿದ್ದಾರೆ."