ಗರಿಗರಿಯ ಕುರ್ಚಿ

ಪೇಪರ್ ತಾತ ಅವತ್ತೊಂದು ದಿನ ಬಾಯಿ ಮುಚ್ಚಿಕೊಂಡು ಪೇಪರ್ ಓದಿದ್ದರೆ ಗರಿಗರಿಯ ಗ್ರಹಚಾರ ಅರ್ಧವಾದರೂ ತಪ್ಪುತ್ತಿತ್ತು. ಆದರೆ ಆ ನಿವೃತ್ತ ಗುಮಾಸ್ತರಿಗೆ ವಠಾರದ ನಲ್ಲಿಯ ಮುಂದೆ ನಿಂತು, ಕೊಡ ಹಿಡಿದವರಿಗೆಲ್ಲ ಕೇಳುವ ಹಾಗೆ ಓದದಿದ್ದರೆ ತಿಂದದ್ದು ಅರಗುವುದಿಲ್ಲ.

"ಕನಿಷ್ಠ ಕೂಲಿ ಹೆಚ್ಚಿಸೋ ಮಸೂದೆ ಇವತ್ತು ಸದನಕ್ಕೆ ಬರುತ್ತಂತೆ. ಒಂದಕ್ಕೆ ಒಂದೂವರೆ ಪಟ್ಟಂತೆ. ನಿನ್ನ ಅದೃಷ್ಟ ಖುಲಾಯಿಸ್ತು ಕಣಯ್ಯ, ಗರಿಗರಿ."

ಗರಿಗರಿ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವನು. ಊರವರ ಅಂಗಿಗಳನ್ನೆಲ್ಲ ಗರಿಗರಿ ಮಾಡಿಕೊಟ್ಟು ತಾನು ಮಾತ್ರ ಮುದುಡಿದ ಅಂಗಿಯಲ್ಲೇ ಓಡಾಡುವ ಪ್ರಾಣಿ. ಸುದ್ದಿ ಕೇಳಿದೊಡನೆ ಅವನಿಗೆ ನೆನಪಾದದ್ದು ಹೆಂಡತಿಯ ಕನ್ನಡಕ. ಅವಳು ಮನೆಯಲ್ಲೇ ಕೂತು ಅಂಗಿಗಳಿಗೆ ಗುಂಡಿ ಹೊಲಿದು ಕೊಡುತ್ತಿದ್ದಳು. ಕನ್ನಡಕದ ಒಂದು ಗಾಜು ಸೀಳಿ, ಒಂದು ಕಡ್ಡಿಗೆ ದಾರ ಸುತ್ತಿ ವರ್ಷವಾಗಿತ್ತು. ಈಚೆಗೆ ಸೂಜಿ ಗುಂಡಿಗಿಂತ ಬೆರಳನ್ನೇ ಹೆಚ್ಚು ಹುಡುಕುತ್ತಿತ್ತು. ಇನ್ನೊಂದು ಸಲ ಗುಂಡಿ ಓರೆಯಾದರೆ ಬಟ್ಟೆ ಕೊಡುವುದಿಲ್ಲ ಎಂದು ದರ್ಜಿ ಹೇಳಿಯೂ ಆಗಿತ್ತು.

"ಈ ಸಲ ಕನ್ನಡಕ ಮಾಡಿಸೇ ಬಿಡೋಣ ಕಣೆ" ಎಂದ.

"ಮೊದಲು ಸಂಬಳ ಕೈಗೆ ಬರಲಿ, ಆಮೇಲೆ ಹೇಳಿ" ಎಂದಳು ಅವಳು.

ನಲ್ಲಿಯ ಬಳಿ ಆಡಿದ ಮಾತು ಮಹಡಿಗೆ ನೀರಿಗಿಂತ ಬೇಗ ಏರುತ್ತದೆ. ಮನೆ ಓನರಮ್ಮ ಇಳಿದು ಬಂದರು. "ನಿಮಗೆ ಒಳ್ಳೇದಾದ್ರೆ ನಮಗೂ ಸಂತೋಷನೇ ಅಲ್ವೇನಪ್ಪ. ಮುಂದಿನ ತಿಂಗಳಿಂದ ಬಾಡಿಗೆ ಸ್ವಲ್ಪ ಸೇರಿಸಿ ಕೊಡು."

"ಮಸೂದೆ ಇನ್ನೂ ಪಾಸೇ ಆಗಿಲ್ಲವಲ್ಲಮ್ಮ."

"ಬಾಡಿಗೆ ಹೆಚ್ಚಿಸೋಕೆ ಸದನ ಸೇರಬೇಕೇನಪ್ಪ?"

ಅದೂ ನಿಜವೇ. ಬಾಡಿಗೆಯ ಮಸೂದೆ ಮೆಟ್ಟಿಲ ಮೇಲೇ ಪಾಸಾಯಿತು. ಆದರೂ ಗರಿಗರಿ ಹುರುಪಿನಲ್ಲೇ ಹೊರಟ. ದಾರಿಯಲ್ಲಿ ಕನ್ನಡಕದ ಅಂಗಡಿಗೆ ನುಗ್ಗಿ, "ನಮ್ಮನೆಯವಳ ಕಣ್ಣಿನ ಅಳತೆ ಆಗ್ಲೇ ತೆಗೆದಿದ್ದೀರಲ್ಲ, ಗಾಜು ಹಾಕಿಟ್ಟಿರಿ, ಸಂಜೆ ಬರ್ತೀನಿ, ದುಡ್ಡು ಸಂಬಳ ಬಂದ ಮೇಲೆ" ಎಂದ. ಅಂಗಡಿಯವನೂ ಪೇಪರ್ ಓದಿದ್ದ. ಎಂದೂ ಸಾಲ ಕೊಡದವನು ಅವತ್ತು ತಲೆಯಾಡಿಸಿದ.

ಲಾಂಡ್ರಿಯ ಬಾಗಿಲಲ್ಲಿ ಯಜಮಾನರು ನಗುತ್ತಾ ನಿಂತಿದ್ದರು. ಅವರ ನಗು ಗರಿಗರಿ ಕಂಡದ್ದು ಅದೇ ಮೊದಲು. ಒಳಗೆ ನೋಡಿದರೆ ಒಗೆಯುವ ಅಣ್ಣ, ಮಡಚುವ ಅಕ್ಕ ಇಬ್ಬರೂ ಹೊಸ ಕುರ್ಚಿಗಳ ಮೇಲೆ ಕೂತಿದ್ದಾರೆ. ಮೈಮೇಲೆ ಯಾರೋ ಗಿರಾಕಿಗಳು ತೊಳೆಯಲು ಕೊಟ್ಟು ಮರೆತುಹೋದ ಕೋಟುಗಳು. ಪಕ್ಕದಲ್ಲೊಬ್ಬ ವಕೀಲ.

"ಇಷ್ಟು ವರ್ಷ ನಿಮ್ಮನ್ನ ಆಳುಗಳ ಥರ ನೋಡಿದ್ದು ನನ್ನ ತಪ್ಪು" ಎಂದರು ಯಜಮಾನರು. "ಇವತ್ತಿಂದ ನೀವು ಮೂರೂ ಜನ ಮಾಲೀಕರು. ಕಟ್ಟಡ, ಮಷೀನು ನಂದು, ಅದಕ್ಕೆ ಬಾಡಿಗೆ ಕೊಟ್ಟರೆ ಸಾಕು. ಖರ್ಚು ಕಳೆದು ಉಳಿದದ್ದೆಲ್ಲ ನಿಮ್ಮದೇ."

"ಸಂಬಳ?" ಎಂದ ಗರಿಗರಿ.

"ಮಾಲೀಕರಿಗೆಲ್ಲಾದ್ರೂ ಸಂಬಳ ಇರುತ್ತೇನಪ್ಪ? ನಾನು ಯಾವತ್ತಾದ್ರೂ ತಗೊಂಡಿದ್ದು ನೋಡಿದ್ದೀಯಾ?"

ನೋಡಿರಲಿಲ್ಲ. ಯಜಮಾನರ ಕಾರು ನೋಡಿದ್ದ, ಮೂರಂತಸ್ತಿನ ಮನೆ ನೋಡಿದ್ದ. ಸಂಬಳವಿಲ್ಲದೆಯೇ ಇಷ್ಟಾಗುವುದಾದರೆ ಸಂಬಳ ಯಾರಿಗೆ ಬೇಕು ಎನಿಸಿತು. ವಕೀಲ ತೋರಿಸಿದ ಕಡೆ ಸಹಿ ಹಾಕಿದ. ಅವನಿಗೂ ತೊಡಿಸಿದ ಕೋಟಿನ ತೋಳು ಬೆರಳು ದಾಟಿ ಜೋತುಬಿದ್ದಿತ್ತು. ಆ ಕೋಟಿನಲ್ಲೇ ಮಧ್ಯಾಹ್ನದವರೆಗೆ ಬೆವರಿಳಿಸುತ್ತಾ ಇಸ್ತ್ರಿ ಹಾಕಿದ. ತನ್ನ ಪಾಲಿನ ಕುರ್ಚಿಯ ಮೇಲೆ ಕೂರಲು ಪುರುಸೊತ್ತಾದದ್ದು, ಯಜಮಾನರು ಓಡಿಬಂದು ಎಚ್ಚರಿಸಿದಾಗ.

"ಕಾರ್ಮಿಕ ಇಲಾಖೆ ಮೇಡಂ ಬರ್ತಿದ್ದಾರೆ, ಯಾವ ಅಂಗಡಿಲಿ ಎಷ್ಟು ಕೂಲಿಗಳಿದ್ದಾರೆ ಅಂತ ಎಣಿಸೋಕೆ. ಎದೆಯುಬ್ಬಿಸಿ ಮಾಲೀಕರು ಅನ್ನಿ. ನಿಮ್ಮಲ್ಲಿ ಯಾರಾದ್ರೂ ಕೂಲಿ ಅಂತ ಬಾಯಿಬಿಟ್ರೆ ನಾಳೆಯಿಂದ ಬರೋದೇ ಬೇಡ." ಹೇಳಿದವರೇ ಒಳಗೆ ಮಾಯವಾದರು.

ಮೇಡಂ ಬಂದರು. ಒಗೆಯುವ ಅಣ್ಣ "ಮಾಲೀಕ" ಎಂದ. ಮಡಚುವ ಅಕ್ಕ "ನಾನೂ ಅದೇ" ಎಂದಳು. ಗರಿಗರಿ ತೋಳು ಮೇಲೆಳೆದುಕೊಂಡು "ನಾನೂ ಮಾಲೀಕನೇ ಮೇಡಂ" ಎಂದ. ಅವನ ದನಿ ಅವನಿಗೇ ಅಷ್ಟು ಚೆನ್ನಾಗಿ ಎಂದೂ ಕೇಳಿರಲಿಲ್ಲ.

"ಎಲ್ಲರೂ ಮಾಲೀಕರಾದ್ರೆ ಕೆಲಸ ಯಾರು ಮಾಡ್ತಾರೆ?"

ಇದಕ್ಕೆ ಉತ್ತರವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟರಲ್ಲಿ ಒಣಹಾಕಿದ ಚಾದರಗಳ ಹಿಂದಿನಿಂದ ನಡುಗುವ ದನಿಯೊಂದು ಬಂತು.

"ನಾನು ತಾಯಿ. ಇಲ್ಲಿರೋ ಕೂಲಿ ನಾನೊಬ್ಬನೇ."

ಯಜಮಾನರು. ಮೈಮೇಲೆ ಗರಿಗರಿಯದೇ ಸುಟ್ಟ ಕಲೆಗಳ ಹಳೇ ಅಂಗಿ, ಕೈಯಲ್ಲಿ ಅವನದೇ ಇಸ್ತ್ರಿ ಪೆಟ್ಟಿಗೆ. "ಒಗೆಯೋದೂ ನಾನೇ, ಇಸ್ತ್ರಿನೂ ನಾನೇ, ಮಡಚೋದೂ ನಾನೇ" ಎಂದು ಸೊಂಟ ಹಿಡಿದುಕೊಂಡರು.

ಮೇಡಂ ಕಣ್ಣು ಕೆಂಪಾಯಿತು. "ನಾಚಿಕೆ ಆಗಲ್ವೇನ್ರೀ? ಕೋಟು ಹಾಕ್ಕೊಂಡು ಮೆರೆಯೋರು ಮೂರು ಜನ, ದುಡಿಯೋಕೆ ಈ ವಯಸ್ಸಾದವರು. ಮಸೂದೆ ಪಾಸಾಗಲಿ, ಮೂರು ಜನರ ಕೆಲಸಕ್ಕೆ ಮೂರು ಜನರ ಕೂಲಿ ಕೊಡಬೇಕು. ನಾನೇ ಬಂದು ನೋಡ್ತೀನಿ. ಮೊದಲು ಆ ಕುರ್ಚಿ ಅವರಿಗೆ ಬಿಡಿ."

ಗರಿಗರಿಗೆ ನಾಳೆಯ ಕೆಲಸ ನೆನಪಾಯಿತು. ಕುರ್ಚಿ ಬಿಟ್ಟು ಎದ್ದ.

ಸಂಜೆ ರೇಡಿಯೋದಲ್ಲಿ ಸುದ್ದಿ ಬಂತು, ಮಸೂದೆ ಪಾಸು. ಮೊದಲು ಚಪ್ಪಾಳೆ ತಟ್ಟಿದವರು ಕುರ್ಚಿಯಲ್ಲಿದ್ದ ಯಜಮಾನರೇ.

"ಬಾಡಿಗೆ ಬೇರೆ, ನನ್ನ ಕೂಲಿ ಬೇರೆ, ಎರಡನ್ನೂ ಬೆರೆಸಬೇಡಿ. ಉಳಿದದ್ದೆಲ್ಲ ನಿಮ್ಮದೇ. ನಾನು ಆಡಿದ ಮಾತಿಗೆ ತಪ್ಪೋನಲ್ಲ."

"ಏನು ಉಳಿಯುತ್ತೆ?" ಎಂದಳು ಮಡಚುವ ಅಕ್ಕ.

"ಅದನ್ನ ಮಾಲೀಕರು ನೋಡ್ಕೋಬೇಕಮ್ಮ, ಕೂಲಿಗೇನು ಗೊತ್ತು?" ಎಂದು ಗರಿಗರಿಯ ಕಡೆ ತಿರುಗಿದರು. "ಹೋಗೋ ಮುಂಚೆ ಆ ಚಾದರಗಳಿಗೆ ಇಸ್ತ್ರಿ ಹಾಕಿ ಹೋಗಪ್ಪ."

ಹಾಕಿಯೇ ಹೋದ. ಕನ್ನಡಕದ ಅಂಗಡಿ ಬಂದಾಗ ರಸ್ತೆಯ ಆಚೆ ಬದಿಗೆ ದಾಟಿ, ತಲೆ ತಗ್ಗಿಸಿ ನಡೆದ. ವಠಾರದ ನಲ್ಲಿಯ ಬಳಿ ಪೇಪರ್ ತಾತ ಕೈಕುಲುಕಿದರು. ಮಹಡಿಯಿಂದ ಓನರಮ್ಮ ಇಣುಕಿ, "ಪಾಸಾಯ್ತಂತಲ್ಲ, ಬಾಡಿಗೆ ನೆನಪಿದೆ ತಾನೆ?" ಎಂದರು.

ಹೆಂಡತಿ ದೀಪದ ಕೆಳಗೆ ಸೂಜಿ ಎತ್ತಿ ಹಿಡಿದಿದ್ದಳು. ದಾರ ಒಂದು ಸಲ ಸೂಜಿಯ ಈಚೆ ಹೋಗುತ್ತಿತ್ತು, ಒಂದು ಸಲ ಆಚೆ. ಅವನು ಕೂತು, ಅವಳ ಕೈಯಿಂದ ತಗೊಂಡು ಪೋಣಿಸಿ ಕೊಟ್ಟ.

"ಪಾಸಾಯ್ತು ಅಂತ ತಾತ ಕೂಗ್ತಿದ್ರು. ಕೂಲಿ ನಿಜವಾಗ್ಲೂ ಜಾಸ್ತಿ ಆಯ್ತಾ?"

"ಆಯ್ತು."

"ಯಜಮಾನ್ರು ಕೊಡ್ತಾರಂತಾ, ಇಲ್ಲ ಬರೀ ಬಾಯಿಮಾತಾ?"

"ಅವರು ಕೊಡಲ್ಲ ಕಣೆ" ಎಂದ ಗರಿಗರಿ. "ನಾವು ಅವರಿಗೆ ಕೊಡಬೇಕು."